ಮುಂಜಾನೆ ಏಳುವದು ಸದ್ಗುಣವೇ?

ಒಬ್ಬ ಮನುಷ್ಯನನ್ನು ಹೊಗಳಬೇಕೆಂದಿರುವಾಗ ನಮ್ಮ ಹಳ್ಳಿಗಳಲ್ಲಿ ಆಡುವ ಮಾತುಗಳಲ್ಲಿ, “ಅವನು ಕೋಳಿ ಕೂಗುವ ಮೊದಲೇ ಏಳುವವನು” ಎಂಬದೂ ಒಂದು. ಇದನ್ನು ಕೇಳಿದ ಕೂಡಲೆ ಅವನು ದುಡಿಮೆಗಾರನು, ಸಾಲವಿಲ್ಲದವನು, ಮಾತಿಗೆ ತಪ್ಪದವನು ಎಂದು ನಾವು ಎಣಿಸಿಕೊಳ್ಳುತ್ತೇವೆ. ಅವನು ರಾತ್ರಿ ಎಷ್ಟು ಗಂಟೆಗೆ ಮಲಗಿದನು, ಅವನನ್ನು ಎಬ್ಬಿಸಿದವರು ಯಾರು, ಎದ್ದ ಮೇಲೆ ಏನು ಮಾಡಿದನು ಎಂದು ಯಾರೂ ಕೇಳುವದಿಲ್ಲ. ಹಾಗೆಯೇ ಹೊತ್ತೇರಿದ ಮೇಲೆ ಏಳುವವನನ್ನು ಕುರಿತು “ಸೋಮಾರಿ” ಎಂಬ ಒಂದೇ ಮಾತಿನಿಂದ ತೀರ್ಪು ಕೊಟ್ಟುಬಿಡುತ್ತೇವೆ. ಇದು ನ್ಯಾಯವೋ? ಮುಂಜಾನೆ ಏಳುವದು ಸತ್ಯವನ್ನು ನುಡಿಯುವ ಹಾಗೆ ಒಂದು ಸದ್ಗುಣವೋ, ಇಲ್ಲವೆ ಬಲಗೈಯಿಂದ ಉಣ್ಣುವ ಹಾಗೆ ಬರೇ ಒಂದು ರೂಢಿಯೋ? ರೂಢಿಯಾಗಿದ್ದರೆ ಅದಕ್ಕೆ ಹೊಗಳಿಕೆ ಯಾಕೆ? ಸದ್ಗುಣವಾಗಿದ್ದರೆ ಅದನ್ನು ಸಂಪಾದಿಸುವ ಮಾರ್ಗ ಯಾವದು? ಈ ಪ್ರಶ್ನೆಗಳು ಪುಸ್ತಕ ಓದಿ ನನ್ನ ಮನಸ್ಸಿಗೆ ಬಂದವುಗಳಲ್ಲ. ನನ್ನ ಸ್ವಂತ ಮನೆಯಲ್ಲಿ, ನನ್ನ ಸ್ವಂತ ಮೂರ್ಖತನದಿಂದಲೇ ಬಂದವುಗಳು. ಆದದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹನ್ನೆರಡು ವರ್ಷಗಳ ಹಿಂದೆ ನಾನು ಪ್ರತಿ ದಿನ ಏಳು ಗಂಟೆಗೆ ಏಳುತ್ತಿದ್ದೆನು. ಎದ್ದವನು ಓಡುತ್ತ ಸ್ನಾನ, ಓಡುತ್ತ ಊಟ, ಓಡುತ್ತ ಶಾಲೆ. ಓದಬೇಕೆಂದು ತಂದಿಟ್ಟ ಪುಸ್ತಕಗಳ ಮೇಲೆ ಧೂಳು ಕೂತಿತ್ತು. ಬೆಳಗಿನ ಪ್ರಾರ್ಥನೆಯು ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ಒಂದು ರಾತ್ರಿ ಹನ್ನೊಂದು ಗಂಟೆಯ ವರೆಗೆ ಟೀವಿ ನೋಡಿ, ಮಲಗುವ ಮುಂಚೆ ನನ್ನ ಮೇಲೆ ನನಗೇ ಜಿಗುಪ್ಸೆ ಹುಟ್ಟಿ, “ನಾಳೆಯಿಂದ ನಾಲ್ಕು ಗಂಟೆಗೆ ಏಳುವೆನು” ಎಂದು ನಿಶ್ಚಯಿಸಿ, ಅಲಾರಂ ಗಡಿಯಾರಕ್ಕೆ ಕೀಲಿ ಕೊಟ್ಟೆನು. ಮೊದಲನೆಯ ದಿನ ಎದ್ದೆನು. ಎರಡನೆಯ ದಿನವೂ ಎದ್ದೆನು, ಮತ್ತು ಅದನ್ನು ನಾಲ್ಕು ಜನರಿಗೆ ಹೇಳಿದೆನು. ಮೂರನೆಯ ದಿನ ಮಧ್ಯಾಹ್ನ, ಮಕ್ಕಳು ಮಗ್ಗಿ ಒಪ್ಪಿಸುತ್ತಿರುವಾಗ, ಕುರ್ಚಿಯಲ್ಲಿ ಕೂತಲ್ಲಿಯೇ ನಿದ್ದೆಹೋದೆನು. ಮಕ್ಕಳು ಹನ್ನೆರಡರ ಮಗ್ಗಿಯ ಮೇಲೆ ಹದಿನಾರರದನ್ನು ಹೇಳಿದರೂ ನನಗೆ ತಿಳಿಯಲಿಲ್ಲ. ನಾಲ್ಕನೆಯ ದಿನ ಗಡಿಯಾರವು ಬಡಿಯಿತು, ನನ್ನ ಕೈ ಅದರ ತಲೆಯನ್ನು ಒತ್ತಿತು. ಆ ಕೈ ಯಾರದೆಂದು ಏಳು ಗಂಟೆಗೆ ಎದ್ದು ಆಶ್ಚರ್ಯಪಟ್ಟೆನು.

ಇದರಲ್ಲಿ ವಿಚಾರಿಸತಕ್ಕ ಸಂಗತಿಯೊಂದಿದೆ. ರಾತ್ರಿ ಸಂಕಲ್ಪ ಮಾಡುವವನು ಒಬ್ಬನು. ಮುಂಜಾನೆ ಅದನ್ನು ಸಲ್ಲಿಸಬೇಕಾದವನು ಇನ್ನೊಬ್ಬನು. ರಾತ್ರಿಯ ಮನುಷ್ಯನು ಬೆಳಗಿನ ಮನುಷ್ಯನ ಹೆಸರಿನಲ್ಲಿ ಸಾಲಪತ್ರ ಬರೆದುಕೊಡುತ್ತಾನೆ, ಬರೆದು ತಾನು ಸುಖವಾಗಿ ಮಲಗುತ್ತಾನೆ. ಬೆಳಗಿನವನು, “ನಾನು ಈ ಪತ್ರಕ್ಕೆ ರುಜು ಹಾಕಲಿಲ್ಲ” ಎನ್ನುತ್ತಾನೆ. ಇವರಿಬ್ಬರಲ್ಲಿ ತಪ್ಪು ಯಾರದು? ನಾವು ಎಲ್ಲರೂ ಬೆಳಗಿನವನನ್ನೇ ಬೈಯುತ್ತೇವೆ. ನನಗಾದರೋ ತಪ್ಪು ರಾತ್ರಿಯವನದೆಂದು ತೋಚುತ್ತದೆ. ಯಾಕಂದರೆ ದೀಪವನ್ನು ಆರಿಸುವದು ಅವನ ಕೈಯಲ್ಲಿತ್ತು, ಅವನು ಆರಿಸಲಿಲ್ಲ. ತನ್ನ ಸುಖದಲ್ಲಿ ಒಂದು ಕಾಸನ್ನೂ ಬಿಡದೆ ಇನ್ನೊಬ್ಬನ ಕಷ್ಟದಿಂದ ಸಜ್ಜನನಾಗಬೇಕೆಂದು ಅವನು ಆಶಿಸಿದನು. ಮುಂಜಾನೆ ಏಳುವದು ಬೆಳಗಿನ ಕೆಲಸವಲ್ಲ, ಹಿಂದಿನ ಸಂಜೆಯ ಕೆಲಸ ಎಂಬದನ್ನು ತಿಳಿಯಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಈ ವಿಷಯದಲ್ಲಿ ಜಾನ್ ವೆಸ್ಲಿಯವರ ಹೆಸರನ್ನು ನಮ್ಮವರು ಆಗಾಗ್ಗೆ ಎತ್ತುತ್ತಾರೆ. ಅವರು ನಾಲ್ಕು ಗಂಟೆಗೆ ಏಳುತ್ತಿದ್ದರು, ಐದು ಗಂಟೆಗೆ ಪ್ರಸಂಗ ಮಾಡುತ್ತಿದ್ದರು ಎಂದು ಹೇಳಿ, ಕೇಳುವವರನ್ನು ನಾಚಿಸುವದುಂಟು. ಆದರೆ ಅವರು 1782ರಲ್ಲಿ ಕಾಲದ ಸದುಪಯೋಗವನ್ನು ಕುರಿತು ಬರೆದ ಪ್ರಸಂಗದಲ್ಲಿ ತಾವು ಆ ರೂಢಿಗೆ ಬಂದ ರೀತಿಯನ್ನು ತಾವೇ ವಿವರಿಸಿದ್ದಾರೆ. ಆ ಭಾಗವನ್ನು ಯಾರೂ ಹೇಳುವದಿಲ್ಲ. ಯೌವನದಲ್ಲಿ ಅವರಿಗೆ ಪ್ರತಿ ರಾತ್ರಿ ಹನ್ನೆರಡು ಅಥವಾ ಒಂದು ಗಂಟೆಗೆ ಎಚ್ಚರವಾಗಿ, ಕೆಲವು ಹೊತ್ತು ನಿದ್ರೆ ಬಾರದೆ ಇರುತ್ತಿತ್ತು. ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲಿರುವದರಿಂದಲೇ ಹೀಗಾಗುವದೆಂದು ಅವರು ಊಹಿಸಿ, ಅಲಾರಂ ಒಂದನ್ನು ತರಿಸಿಕೊಂಡು, ಮರುದಿನ ಏಳು ಗಂಟೆಗೆ ಎದ್ದರು; ಆದರೂ ರಾತ್ರಿ ಎಚ್ಚರವಾಯಿತು. ಎರಡನೆಯ ದಿನ ಆರು ಗಂಟೆಗೆ ಎದ್ದರು, ಎಚ್ಚರ ತಪ್ಪಲಿಲ್ಲ. ಮೂರನೆಯ ದಿನ ಐದು ಗಂಟೆಗೆ, ಆಗಲೂ ತಪ್ಪಲಿಲ್ಲ. ನಾಲ್ಕನೆಯ ದಿನ ನಾಲ್ಕು ಗಂಟೆಗೆ ಎದ್ದರು, ಆ ಮೇಲೆ ರಾತ್ರಿಯಲ್ಲಿ ಎಚ್ಚರವಾಗುವದು ನಿಂತಿತು.

ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ವೆಸ್ಲಿಯವರು ನಾಲ್ಕು ಗಂಟೆ ಎಂಬ ಸಂಖ್ಯೆಗೆ ಮೋಹಗೊಂಡು ಎದ್ದವರಲ್ಲ. ತಮ್ಮ ದೇಹಕ್ಕೆ ಎಷ್ಟು ನಿದ್ರೆ ಬೇಕೆಂದು ಅಳೆದು ನೋಡಿದರು. ಅಳತೆಯು ಎಲ್ಲಿ ನಿಂತಿತೋ ಅಲ್ಲಿ ತಾವೂ ನಿಂತರು. ಆರೋಗ್ಯವುಳ್ಳ ಪುರುಷನಿಗೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು, ಸ್ತ್ರೀಗೆ ಏಳು ಗಂಟೆಗಿಂತ ಸ್ವಲ್ಪ ಹೆಚ್ಚು ನಿದ್ರೆ ಸಾಕೆಂದು ಅವರು ತೀರ್ಮಾನಿಸಿದರು. ಈ ತೀರ್ಮಾನವನ್ನು ಇಂದಿನ ವೈದ್ಯರು ಪೂರ್ತಿಯಾಗಿ ಒಪ್ಪುವದಿಲ್ಲ. ಅಮೆರಿಕದ ನಿದ್ರಾವೈದ್ಯರ ಎರಡು ಸಂಘಗಳು ಕೂಡಿ 2015ರಲ್ಲಿ ವಿಚಾರಿಸಿ, ವಯಸ್ಕರಿಗೆ ದಿನಕ್ಕೆ ಕಡಿಮೆಯೆಂದರೆ ಏಳು ಗಂಟೆಯ ನಿದ್ರೆ ಇರಬೇಕೆಂದು ಹೇಳಿದವು; ಯಾವಾಗಲೂ ಅದಕ್ಕಿಂತ ಕಡಿಮೆ ಮಲಗುವವರಲ್ಲಿ ಸ್ಥೂಲಕಾಯ, ಸಿಹಿಮೂತ್ರ, ರಕ್ತದ ಒತ್ತಡ, ಹೃದಯದ ರೋಗ ಹೆಚ್ಚಾಗಿ ಕಂಡುಬರುವದೆಂದೂ ತಿಳಿಸಿದವು. ಹೀಗಿರಲಾಗಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವವನು ಶೂರನಲ್ಲ. ಎರಡು ಗಂಟೆಯ ಸಾಲಗಾರನು. ಆ ಸಾಲವನ್ನು ಅವನು ಮಧ್ಯಾಹ್ನ ಶಾಲೆಯ ಮಕ್ಕಳಿಂದಲೋ, ಅಂಗಡಿಯ ಗಿರಾಕಿಯಿಂದಲೋ, ದಾರಿಯಲ್ಲಿ ಬೈಕಿನ ಮೇಲಿಂದಲೋ ತೀರಿಸಿಕೊಳ್ಳುತ್ತಾನೆ.

ಇನ್ನು, ಬೇಗ ಏಳುವದು ಯಾಕೆ ಇಷ್ಟು ಕಷ್ಟ? ತಡವಾಗಿ ಮಲಗುವದಕ್ಕೆ ಯಾರಿಗೂ ಉಪದೇಶ ಬೇಕಾಗುವದಿಲ್ಲ. ಬೇಗ ಮಲಗಬೇಕೆಂದರೆ ಮಾತ್ರ ಸಾಹಸವಾಗುತ್ತದೆ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಿಮ್ಮ ಹೊಲದ ಬದುವಿನಲ್ಲಿರುವ ಹುಣಸೇಮರವನ್ನು ನೋಡಿರಿ. ಸಂಜೆಯಾಗುತ್ತಲೇ ಅದು ತನ್ನ ಎಲೆಗಳನ್ನು ಕೈಮುಗಿದ ಹಾಗೆ ಮಡಚುತ್ತದೆ, ಬೆಳಗಾಗುತ್ತಲೇ ಬಿಚ್ಚುತ್ತದೆ. ಮಹಾ ಅಲೆಕ್ಸಾಂಡರನ ಕಾಲದಲ್ಲಿ ಆಂಡ್ರೊಸ್ಥೆನೀಸನೆಂಬ ಗ್ರೀಕನು ಈಗಿನ ಬಹ್ರೇನ್ ದ್ವೀಪದಲ್ಲಿ ಹೀಗೆ ಮಾಡುವ ಮರವೊಂದನ್ನು ಕಂಡು ಬರೆದಿಟ್ಟನು. ಅದು ಹುಣಸೆಯೇ ಎಂದು ಪಂಡಿತರು ಗುರುತಿಸುತ್ತಾರೆ. ಮರವು ಸೂರ್ಯನನ್ನು ನೋಡಿ ಹೀಗೆ ಮಾಡುವದೆಂದು ಎಲ್ಲರೂ ನೆನಸಿದ್ದರು. ಆದರೆ 1729ರಲ್ಲಿ ದ ಮೆರಾನ್ ಎಂಬ ಫ್ರೆಂಚ್ ವಿದ್ವಾಂಸನು ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಲು, ಬೆಳಕು ಇಲ್ಲದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚುತ್ತಲೂ ಮುಚ್ಚುತ್ತಲೂ ಇತ್ತು. ಅಂದರೆ ಅದರ ಒಳಗೇ ಒಂದು ಗಡಿಯಾರವಿತ್ತು. ನಮ್ಮ ಹಿತ್ತಲಿನ ಹುಂಜಕ್ಕೂ ಅಂಥದೇ ಒಂದುಂಟು. ಜಪಾನ್ ದೇಶದ ಇಬ್ಬರು ವಿಜ್ಞಾನಿಗಳು ಹುಂಜಗಳನ್ನು ಯಾವಾಗಲೂ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟು ಪರೀಕ್ಷಿಸಿ, ಅವು ಹೊರಗಿನ ಬೆಳಕನ್ನು ಕಾಣದೆಯೇ ಬೆಳಗಿನ ಹೊತ್ತನ್ನು ತಿಳಿದು ಕೂಗುವವೆಂದು 2013ರಲ್ಲಿ ಪ್ರಕಟಿಸಿದರು.

ಮನುಷ್ಯನಲ್ಲಿ ಈ ಗಡಿಯಾರವು ಮಿದುಳಿನ ತಳದಲ್ಲಿ, ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲೆ, ಸಾಸಿವೆಗಿಂತ ಚಿಕ್ಕದಾದ ಎರಡು ಗಂಟುಗಳಲ್ಲಿ ಇದೆ. ಜೀವಕೋಶಗಳಲ್ಲಿ ಅದು ನಡೆಯುವ ಕ್ರಮವನ್ನು ನೊಣಗಳಲ್ಲಿ ಶೋಧಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈ ಗಡಿಯಾರಕ್ಕೆ ಎರಡು ಗುಣಗಳುಂಟು. ಬಹುಮಂದಿಯಲ್ಲಿ ಇದರ ದಿನವು ಇಪ್ಪತ್ತನಾಲ್ಕು ಗಂಟೆಗಿಂತ ಕೆಲವು ನಿಮಿಷ ಉದ್ದವಾಗಿದೆ. ಆದದರಿಂದ ಹಾಗೆಯೇ ಬಿಟ್ಟರೆ ಅದು ದಿನದಿನಕ್ಕೆ ತಡವಾಗುತ್ತ ಹೋಗುತ್ತದೆ, ಬೇಗನೆ ಆಗುವದಿಲ್ಲ. ಎರಡನೆಯದೇನೆಂದರೆ, ಕಣ್ಣಿಗೆ ಬೀಳುವ ಬೆಳಕು ಪ್ರತಿ ದಿನವೂ ಅದರ ಮುಳ್ಳನ್ನು ತಿರುಗಿಸುತ್ತದೆ. ಮುಂಜಾನೆಯ ಬೆಳಕು ಅದನ್ನು ಮುಂದಕ್ಕೆ ತಳ್ಳಿ ರಾತ್ರಿ ಬೇಗ ನಿದ್ರೆ ಬರಿಸುತ್ತದೆ. ರಾತ್ರಿಯ ಬೆಳಕು ಹಿಂದಕ್ಕೆ ಎಳೆದು ನಿದ್ರೆಯನ್ನು ತಡಮಾಡುತ್ತದೆ. ಎಣ್ಣೆಯ ಬುಡ್ಡಿಯ ಕಾಲದ ನಮ್ಮ ಅಜ್ಜಂದಿರು ಎಂಟು ಗಂಟೆಗೆ ತೂಕಡಿಸುತ್ತಿದ್ದದ್ದು ಅವರ ಸದಾಚಾರದಿಂದಲೇ ಅಲ್ಲ. ಮನೆಯಲ್ಲಿ ಬೆಳಕೇ ಇರಲಿಲ್ಲ. ಅದನ್ನು ನೆನಸದೆ ನಾವು ಅವರನ್ನು ಅತಿಯಾಗಿ ಹೊಗಳುತ್ತೇವೆ, ಇಂದಿನವರನ್ನು ಅತಿಯಾಗಿ ಜರೆಯುತ್ತೇವೆ.

ಎಲ್ಲರ ಗಡಿಯಾರವೂ ಒಂದೇ ರೀತಿಯಾಗಿ ಬಗ್ಗುವದಿಲ್ಲವೆಂಬದಕ್ಕೆ ಒಂದು ದೃಷ್ಟಾಂತವುಂಟು. 1938ರಲ್ಲಿ ನಥಾನಿಯೆಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿಯೂ ಅವರ ಶಿಷ್ಯ ರಿಚರ್ಡ್‌ಸನ್ನರೂ ಅಮೆರಿಕದ ಕೆಂಟಕಿ ಸೀಮೆಯ ಮ್ಯಾಮತ್ ಗುಹೆಯೊಳಗೆ, ಸೂರ್ಯನ ಬೆಳಕೇ ಬೀಳದ ಸ್ಥಳದಲ್ಲಿ, 32 ದಿನ ವಾಸಮಾಡಿ, ಇಪ್ಪತ್ತೆಂಟು ಗಂಟೆಯ ದಿನಕ್ಕೆ ತಮ್ಮನ್ನು ಒಗ್ಗಿಸಲು ಯತ್ನಿಸಿದರು. ಯೌವನಸ್ಥನಾದ ಶಿಷ್ಯನ ದೇಹವು ಒಗ್ಗಿತು. ನಾಲ್ವತ್ತು ದಾಟಿದ್ದ ಗುರುವಿನದು ಒಗ್ಗಲಿಲ್ಲ. ಇಬ್ಬರಿಗೂ ಒಂದೇ ಗುಹೆ, ಒಂದೇ ನಿಯಮ, ಒಂದೇ ದೃಢಸಂಕಲ್ಪ. ಗುರುವಿನಲ್ಲಿ ಶ್ರದ್ಧೆ ಕಡಿಮೆಯಿತ್ತೆಂದು ಯಾರು ಹೇಳುವರು?

ಇದನ್ನೆಲ್ಲ ನಾನು ಆಗ ಅರಿತಿರಲಿಲ್ಲ. ಆದರೆ ಎರಡನೆಯ ಸಾರಿ ಪ್ರಯತ್ನಿಸುವಾಗ ದೈವಯೋಗದಿಂದ ಸರಿಯಾದ ದಾರಿಯಲ್ಲಿಯೇ ಕಾಲಿಟ್ಟೆನು. ನಾಲ್ಕು ಗಂಟೆಯ ಆಶೆಯನ್ನು ಬಿಟ್ಟುಬಿಟ್ಟೆನು. ನಮ್ಮ ಸೀಮೆಯಲ್ಲಿ ವರ್ಷವೆಲ್ಲ ಸೂರ್ಯನು ಸುಮಾರಾಗಿ ಆರಕ್ಕೂ ಏಳಕ್ಕೂ ನಡುವೆ ಹುಟ್ಟುವದರಿಂದ ಐದೂವರೆಗೆ ಎದ್ದರೆ ಸಾಕೆಂದು ಗೊತ್ತುಮಾಡಿಕೊಂಡೆನು. ಏಳು ಗಂಟೆಯಿಂದ ಐದೂವರೆಗೆ ಒಂದೂವರೆ ಗಂಟೆಯ ದಾರಿ. ಐದೈದು ದಿನಕ್ಕೆ ಕಾಲು ಗಂಟೆಯ ಹಾಗೆ ಹಿಂದಕ್ಕೆ ಬಂದರೆ ಒಂದು ತಿಂಗಳು. ಹಾಗೆಯೇ ಮಲಗುವ ಹೊತ್ತನ್ನೂ ಕಾಲು ಕಾಲು ಗಂಟೆ ಹಿಂದಕ್ಕೆ ತಂದು, ಹತ್ತಕ್ಕೆ ಮುಂಚೆಯೇ ನಿಲ್ಲಿಸಿದೆನು. ಎದ್ದವನು ಒಳಗೆ ಕೂತುಕೊಳ್ಳದೆ, ಬೆಳಕು ಹರಿಯುತ್ತಲೇ ಕೆರೆಯ ಏರಿಯ ವರೆಗೆ ನಡೆದು ಬರುತ್ತಿದ್ದೆನು. ರಾತ್ರಿ ಊಟವನ್ನು ಎಂಟಕ್ಕೆ ಮುಗಿಸಿ, ಒಂಭತ್ತರ ಮೇಲೆ ಟೀವಿಯನ್ನೂ ಫೋನನ್ನೂ ಮುಟ್ಟದೆ, ದೊಡ್ಡ ದೀಪವನ್ನು ಆರಿಸಿ ಚಿಕ್ಕದನ್ನು ಇಟ್ಟುಕೊಂಡೆನು. ಸಂಜೆ ಆರರ ಕಾಫಿಯನ್ನು ಬಿಡುವದೇ ಎಲ್ಲಕ್ಕಿಂತ ಕಠಿಣವಾಗಿತ್ತು; ಕುಡಿದ ಕಾಫಿಯ ಸತ್ವದಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ಮೇಲೂ ರಕ್ತದಲ್ಲಿ ಉಳಿದಿರುವದಂತೆ. ರವಿವಾರವೆಂದು ಹೆಚ್ಚು ಮಲಗಿದರೆ ಸೋಮವಾರ ಮೊದಲಿಂದ ಆರಂಭಿಸಿದ ಹಾಗಾಗುತ್ತಿತ್ತು. ಆದದರಿಂದ ಏಳೂ ದಿನವೂ ಒಂದೇ ಹೊತ್ತನ್ನು ಇಟ್ಟುಕೊಂಡೆನು. ಯಾವದಾದರೊಂದು ರಾತ್ರಿ ಮದುವೆಗೋ ಸಾವಿನ ಮನೆಗೋ ಹೋಗಿ ತಡವಾದರೆ, ಮರುದಿನ ಹೊತ್ತಿಗೇ ಎದ್ದು, ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದೆನು. ಐದನೆಯ ವಾರದಲ್ಲಿ ಒಂದು ದಿನ ಅಲಾರಂ ಬಡಿಯುವ ಮುಂಚೆಯೇ ಎಚ್ಚರವಾಯಿತು. ಆ ದಿನದಿಂದ ನನ್ನ ಹೆಮ್ಮೆಯೂ ಎಚ್ಚರವಾಯಿತು.

ಕೋಳಿಯ ಅಜ್ಜಿಯ ಕಥೆಯನ್ನು ನೀವೆಲ್ಲರೂ ಚಿಕ್ಕಂದಿನಲ್ಲಿ ಕೇಳಿದ್ದೀರಿ. ತನ್ನ ಕೋಳಿ ಕೂಗುವದರಿಂದಲೇ ಊರಿಗೆ ಬೆಳಗಾಗುವದೆಂದು ನೆನಸಿ, ಊರವರ ಮೇಲೆ ಕೋಪಿಸಿಕೊಂಡು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡಿಗೆ ಹೋದವಳು. ಮುಂಜಾನೆ ಏಳುವವರಲ್ಲಿ ಬಹುಮಂದಿ ಆ ಅಜ್ಜಿಯ ವಂಶದವರು. ನಾನೂ ಆ ವಂಶಕ್ಕೆ ಸೇರಿದೆನು. ಕೆರೆಯ ಏರಿಯಿಂದ ತಿರುಗಿ ಬರುವಾಗ ಯಾರ ಮನೆಯ ಬಾಗಿಲು ಮುಚ್ಚಿದೆ, ಯಾರ ಅಂಗಳಕ್ಕೆ ನೀರು ಬಿದ್ದಿಲ್ಲ ಎಂದು ಎಣಿಸುತ್ತಿದ್ದೆನು. ನಮ್ಮ ಬೀದಿಯ ಕೊನೆಯ ಮನೆಯ ಯಜಮಾನನು ಎಂಟು ಗಂಟೆಯಾದರೂ ಜಗಲಿಯ ಮೇಲೆ ಕಂಬಳಿ ಹೊದ್ದು ಬಿದ್ದಿರುತ್ತಿದ್ದನು. ಒಂದು ಸಾಯಂಕಾಲ ಹತ್ತು ಜನರು ಕೂಡಿದ್ದ ಸ್ಥಳದಲ್ಲಿ, ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುವ ಹಾಗೆ, “ಸೂರ್ಯನು ಬಂದು ಬಾಗಿಲು ತಟ್ಟಿದರೂ ಏಳದವರು ನಮ್ಮ ಬೀದಿಯಲ್ಲಿ ಉಂಟು” ಎಂದು ಹೇಳಿದೆನು. ಜನರು ನಕ್ಕರು. ಅವನೂ ಅಲ್ಲಿಯೇ ಕೂತಿದ್ದನು; ಅವನು ನಗಲಿಲ್ಲ, ಎದ್ದೂ ಹೋಗಲಿಲ್ಲ.

ಸಭೆ ಮುಗಿದ ಮೇಲೆ ಅವನು ನನ್ನ ಸಂಗಡ ನಡೆಯುತ್ತ, “ಮೇಷ್ಟ್ರೇ, ಸೂರ್ಯನ ಹೊತ್ತು ಬೇರೆ, ಕರೆಂಟಿನ ಹೊತ್ತು ಬೇರೆ” ಎಂದನು. ಆ ತಿಂಗಳುಗಳಲ್ಲಿ ನಮ್ಮ ಭಾಗದ ಪಂಪುಸೆಟ್ಟುಗಳಿಗೆ ಮೂರು ಫೇಸಿನ ಕರೆಂಟು ಬರುತ್ತಿದ್ದದ್ದು ಮಧ್ಯರಾತ್ರಿಯಲ್ಲಿ. ಅವನು ಹನ್ನೆರಡು ಗಂಟೆಗೆ ಎದ್ದು, ಬ್ಯಾಟರಿಯನ್ನೂ ಒಂದು ಕೋಲನ್ನೂ ಹಿಡಿದುಕೊಂಡು, ಹಾವುಗಳಿರುವ ಬದುವಿನ ಮೇಲೆ ನಡೆದು ಹೋಗಿ, ಮೋಟಾರು ಹಾಕಿ, ಕತ್ತಲೆಯಲ್ಲಿ ನೀರು ತಿರುಗಿಸಿ, ನಾಲ್ಕು ಗಂಟೆಗೆ ಮನೆಗೆ ಬಂದು ಮಲಗುತ್ತಿದ್ದನು. ನಾನು ಐದೂವರೆಗೆ ಎದ್ದು ಸ್ವಚ್ಛವಾದ ಪಂಚೆಯಲ್ಲಿ ವಾಯುಸೇವನೆಗೆ ಹೊರಡುವಾಗ ಅವನ ಕಾಲಿನ ಕೆಸರು ಒಣಗಿರಲಿಲ್ಲ. ಜಗಲಿಯಲ್ಲಿ ಮಲಗುತ್ತಿದ್ದದ್ದು ಕೂಡ, ಕೆಸರು ಒಳಗೆ ಬಾರದಿರಲೆಂದು. ನಾನು ಕ್ಷಮೆ ಕೇಳಿದೆನು, ಅವನು ಕ್ಷಮಿಸಿದನು. ಆದರೆ ನಾನು ಪರಿಹಾಸ್ಯ ಮಾಡಿದ್ದು ಹತ್ತು ಜನರ ಮುಂದೆ, ಕ್ಷಮೆ ಕೇಳಿದ್ದು ಬೀದಿಯ ಕತ್ತಲೆಯಲ್ಲಿ, ಒಬ್ಬನೊಬ್ಬನಿಗೆ. ಈ ಲೆಕ್ಕ ಸರಿಹೋಗಲಿಲ್ಲವೆಂದು ನನಗೆ ಈಗಲೂ ಅನಿಸುವದುಂಟು.

ನನ್ನ ಮನೆಯಲ್ಲಿಯೇ ಇದಕ್ಕಿಂತ ದೊಡ್ಡ ಪಾಠವು ಕಾದಿತ್ತು. ಹುಂಜಗಳನ್ನು ಪರೀಕ್ಷಿಸಿದ ಜಪಾನಿನವರು 2015ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು. ಏನಂದರೆ, ಹುಂಜಗಳು ಗುಂಪಾಗಿರುವಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾನದ ಹುಂಜವೇ ಮೊದಲು ಕೂಗುತ್ತದೆ. ಉಳಿದವು ತಮ್ಮ ತಮ್ಮ ಅಂತಸ್ತಿಗೆ ಸರಿಯಾಗಿ ಒಂದರ ಹಿಂದೆ ಒಂದು ಕೂಗುತ್ತವೆ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಯಾರ ಮಾತಿಗೆ ಬೆಲೆ ಕಡಿಮೆಯೋ ಅವರು ಎಲ್ಲರಿಗಿಂತ ಮೊದಲು ಏಳುತ್ತಾರೆ. ನನ್ನ ಹೆಂಡತಿಯು ಮದುವೆಯಾಗಿ ಬಂದ ದಿನದಿಂದ ಐದು ಗಂಟೆಗೆ ಏಳುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಒಬ್ಬನೂ, ನಾನು ಸಹ, ಅದನ್ನು ಸದ್ಗುಣವೆಂದು ಕರೆಯಲಿಲ್ಲ. ನಾನು ಒಂದು ತಿಂಗಳು ಎದ್ದ ಮಾತ್ರಕ್ಕೆ ಊರೆಲ್ಲ ಹೊಗಳಿತು. ಅದಲ್ಲದೆ ನಾನು ಐದೂವರೆಗೆ ಎದ್ದು ಕಾಫಿ ಬೇಕೆಂದು ಕೂತದ್ದರಿಂದ ಆಕೆಯು ಐದಕ್ಕೆ ಮುಂಚೆಯೇ ಏಳತೊಡಗಿದಳು. ಒಂದು ದಿನ ಆಕೆ, “ನೀವು ಏಳುವದಕ್ಕೆ ಮುಂಚೆ ಆ ಅರ್ಧ ಗಂಟೆ ನನ್ನದಾಗಿತ್ತು. ಒಲೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದೆ, ಒಂದು ಕೀರ್ತನೆ ಹೇಳಿಕೊಳ್ಳುತ್ತಿದ್ದೆ. ಈಗ ಅದೂ ಇಲ್ಲ” ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದಳು.

ಜರ್ಮನಿಯ ತತ್ವಜ್ಞಾನಿಯಾದ ಕಾಂಟನು ಪ್ರತಿ ದಿನ ಐದು ಗಂಟೆಗೆ ಏಳುತ್ತಿದ್ದನೆಂದು ಪ್ರಸಿದ್ಧಿಯುಂಟು. ಅವನನ್ನು ಎಬ್ಬಿಸುತ್ತಿದ್ದವನು ಲಾಂಪೆ ಎಂಬ ಸೇವಕನು. ಯಜಮಾನನು ಎಷ್ಟು ಬೇಡಿಕೊಂಡರೂ ಮಲಗಲು ಬಿಡಕೂಡದೆಂದು ಅವನಿಗೆ ಆಜ್ಞೆಯಾಗಿತ್ತು. ಕಾಂಟನು ಮನುಷ್ಯರನ್ನು ಬರೇ ಸಾಧನವಾಗಿ ಬಳಸಬಾರದೆಂದು ಬೋಧಿಸಿದವನು. ಅವನ ಐದು ಗಂಟೆಯ ಹಿಂದೆ ಲಾಂಪೆಯ ನಾಲ್ಕೂಮುಕ್ಕಾಲು ಗಂಟೆಯಿತ್ತು. ಚರಿತ್ರೆಯಲ್ಲಿ ಕೀರ್ತಿಯು ಕಾಂಟನಿಗೇ ಬಂತು. ಭಾರತ ಸರಕಾರವು 2019ರಲ್ಲಿ ಜನರು ದಿನವನ್ನು ಹೇಗೆ ಕಳೆಯುವರೆಂದು ದೇಶದಲ್ಲೆಲ್ಲ ವಿಚಾರಿಸಿದಾಗ, ಸಂಬಳವಿಲ್ಲದ ಮನೆಗೆಲಸ ಮಾಡುವ ಸ್ತ್ರೀಯರು ಸರಾಸರಿ ದಿನಕ್ಕೆ 299 ನಿಮಿಷಗಳನ್ನೂ, ಮಾಡುವ ಪುರುಷರು 97 ನಿಮಿಷಗಳನ್ನೂ ಅದರಲ್ಲಿ ಕಳೆಯುವರೆಂದು ಕಂಡುಬಂತು. ಬೇಗ ಏಳುವದರ ಮಹಿಮೆಯನ್ನು ಹೇಳುವ ಪುರುಷರು ಈ ಎರಡು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದುಕೊಳ್ಳುವದು ಒಳ್ಳೇದು. ನಾನು ಕಾಫಿ ಮಾಡಲು ಕಲಿತೆನು. ಮೊದಲಿನ ವಾರ ಅದು ಕುಡಿಯಲಿಕ್ಕೆ ಯೋಗ್ಯವಾಗಿರಲಿಲ್ಲ. ಐದರಿಂದ ಐದೂವರೆಯ ವರೆಗೆ ಅಡಿಗೇಮನೆಯ ಕಡೆಗೆ ಹೋಗಬಾರದೆಂಬ ನಿಯಮವನ್ನೂ ನನಗೆ ನಾನೇ ಹಾಕಿಕೊಂಡೆನು.

ಈಗ ನನಗೆ ಹೇಳಲು ಮನಸ್ಸಿಲ್ಲದ, ಆದರೆ ಹೇಳದಿದ್ದರೆ ಈ ಬರಹವು ಸುಳ್ಳಾಗುವ ಸಂಗತಿಗೆ ಬರುತ್ತೇನೆ. ಆಗ ನನ್ನ ಮಗನಿಗೆ ಹದಿನಾರು ವರ್ಷ. ಬೇಗ ಏಳುವದು ನನಗೆ ಸಿದ್ಧಿಸಿದ ಮೇಲೆ ಅವನಿಗೂ ಸಿದ್ಧಿಸಲೇಬೇಕೆಂದು ಹಟಹಿಡಿದೆನು. ಐದೂವರೆಗೆ ಅವನನ್ನು ಎಬ್ಬಿಸುತ್ತಿದ್ದೆನು. ಏಳದಿದ್ದರೆ ಕಂಬಳಿ ಎಳೆಯುತ್ತಿದ್ದೆನು. ಎರಡು ಸಾರಿ ಮುಖದ ಮೇಲೆ ಚೊಂಬಿನ ನೀರು ಸುರಿದೆನು. ಒಂದು ಸಾರಿ ಹೊಡೆದೆನು. ರಾತ್ರಿ ಹತ್ತಕ್ಕೆ ದೀಪ ಆರಿಸಿದರೂ ಅವನು ಹನ್ನೊಂದೂವರೆಯ ವರೆಗೆ ಕತ್ತಲೆಯಲ್ಲಿ ಹೊರಳಾಡುತ್ತಿದ್ದನು. “ನಿದ್ದೆ ಬರುವದಿಲ್ಲ ಅಪ್ಪಾ” ಎಂದರೆ ನಾನು ಅದನ್ನು ನೆಪವೆಂದೆನು. ಆ ವರ್ಷ ಅವನ ಅಂಕಗಳು ಇಳಿದವು. ತರಗತಿಯಲ್ಲಿ ತೂಕಡಿಸುತ್ತಾನೆಂದು ಹೇಳಿಕಳುಹಿಸಿದರು. ಮೇಷ್ಟ್ರ ಮಗನು ತೂಕಡಿಸುವದೇ ಎಂದು ಅದಕ್ಕೂ ಬೈದೆನು.

ಅವನು ಹೇಳಿದ್ದು ನಿಜವಾಗಿತ್ತು. ಪ್ರಾಯಕ್ಕೆ ಬರುವ ಮಕ್ಕಳಲ್ಲಿ ದೇಹದ ಗಡಿಯಾರವು ತಾನಾಗಿಯೇ ತಡವಾಗಿ ತಿರುಗುತ್ತದೆ. ನಿದ್ರೆಯ ಕರೆಯು ದೊಡ್ಡವರಿಗಿಂತ ತಡವಾಗಿ ಬರುತ್ತದೆ. ಆದರೆ ಅವರಿಗೆ ಬೇಕಾದ ನಿದ್ರೆಯು ಎಂಟರಿಂದ ಹತ್ತು ಗಂಟೆ, ಅಂದರೆ ದೊಡ್ಡವರಿಗಿಂತ ಹೆಚ್ಚು. ಈ ಕಾರಣದಿಂದಲೇ ಅಮೆರಿಕದ ಮಕ್ಕಳ ವೈದ್ಯರ ಸಂಘವು 2014ರಲ್ಲಿ, ಪ್ರಾಯದ ಮಕ್ಕಳ ಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮುಂಚೆ ಆರಂಭವಾಗಬಾರದೆಂದು ಸಲಹೆ ಕೊಟ್ಟಿತು. ನಾಲ್ವತ್ತಾರರ ಮುದಿತನದ ಗಡಿಯಾರವನ್ನು ಹಿಡಿದುಕೊಂಡು ಹದಿನಾರರ ಗಡಿಯಾರವನ್ನು ತಪ್ಪೆಂದು ಹೊಡೆದ ಹಾಗಾಯಿತು ನನ್ನ ನಡತೆ. ನನಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಬಹುದು. ಆದರೆ ತಿಳಿಯದೆ ಮಾಡಿದೆನೆಂಬದು ಹೊಡೆತಕ್ಕೆ ಮಾತ್ರ ಉತ್ತರವಾದೀತು. ಅವನ ಮಾತನ್ನು ನಂಬದೆ ಹೋದದ್ದಕ್ಕೆ ಉತ್ತರವಾಗುವದಿಲ್ಲ. ನಂಬುವದಕ್ಕೆ ಯಾವ ವಿಜ್ಞಾನವೂ ಬೇಕಾಗಿರಲಿಲ್ಲ. ಒಂದು ರಾತ್ರಿ ಅವನ ಮಂಚದ ಹತ್ತಿರ ಕೂತು ನೋಡಿದ್ದರೆ ಸಾಕಾಗಿತ್ತು.

ಹಾಗಾದರೆ ಮೊದಲಿನ ಪ್ರಶ್ನೆಗೆ ನನ್ನ ಉತ್ತರವೇನು? ಮುಂಜಾನೆ ಏಳುವದು ಕೆಲವರಿಗೆ ಹುಟ್ಟಿನಿಂದ ಬಂದ ವರ, ಕೆಲವರಿಗೆ ಹೊಟ್ಟೆಯ ಬಲವಂತ, ಕೆಲವರಿಗೆ ಕಷ್ಟಪಟ್ಟು ಮಾಡಿಕೊಂಡ ರೂಢಿ. ವರಕ್ಕೆ ಹೊಗಳಿಕೆ ಸಲ್ಲದು. ಬಲವಂತಕ್ಕೆ ಕನಿಕರ ಸಲ್ಲುವದು. ರೂಢಿಯಾದರೋ ಹಣದ ಹಾಗೆ, ಅದನ್ನು ಎಲ್ಲಿಂದ ತಂದನು, ಏತಕ್ಕೆ ವೆಚ್ಚಮಾಡಿದನು ಎಂದು ಕೇಳಿದ ಮೇಲೆಯೇ ಬೆಲೆ ಕಟ್ಟತಕ್ಕದ್ದು. ವೆಸ್ಲಿಯವರು ಐದು ಗಂಟೆಗೆ ಪ್ರಸಂಗಿಸಿದ್ದು ಕೂಲಿಯವರು ಕೆಲಸಕ್ಕೆ ಹೋಗುವ ಮುಂಚೆ ಕೇಳಲೆಂದು. ಹಗಲಲ್ಲಿ ಆ ಜನರಿಗೆ ಬೇರೆ ಹೊತ್ತಿರಲಿಲ್ಲ. ಅವರ ನಾಲ್ಕು ಗಂಟೆಯು ಬೇರೆಯವರಿಗೆ ಉಪಯೋಗವಾಯಿತು. ನನ್ನ ಐದೂವರೆಯು ಮೊದಲಿನ ಆರು ತಿಂಗಳು ನೆರೆಯವನಿಗೆ ಪರಿಹಾಸ್ಯವಾಗಿ, ಹೆಂಡತಿಗೆ ಕೆಲಸವಾಗಿ, ಮಗನಿಗೆ ಪೆಟ್ಟಾಗಿ ವೆಚ್ಚವಾಯಿತು. ಏಳು ಗಂಟೆಯ ವರೆಗೆ ಮಲಗಿರುತ್ತಿದ್ದ ಹಿಂದಿನ ಮನುಷ್ಯನು ಇವರಲ್ಲಿ ಯಾರಿಗೂ ಇಷ್ಟು ಹಾನಿ ಮಾಡಿರಲಿಲ್ಲ. ಹಾಗೆಂದು ಆ ರೂಢಿಯನ್ನು ನಾನು ಬಿಟ್ಟಿಲ್ಲ. ಆ ಒಂದು ಗಂಟೆಯ ನಿಶ್ಶಬ್ದದಲ್ಲಿ ಓದಿದ ಪುಸ್ತಕಗಳು ನನ್ನನ್ನು ಕಾಪಾಡಿದವು. ಯಾರಾದರೂ ಈ ಪ್ರಯತ್ನವನ್ನು ಮಾಡಬೇಕೆಂದಿದ್ದರೆ ಕಾಲು ಗಂಟೆಯಿಂದ ಆರಂಭಿಸಲಿ, ಮತ್ತು ಆ ಕಾಲು ಗಂಟೆಯನ್ನು ತನ್ನ ಸಂಜೆಯಿಂದಲೇ ತೆಗೆದುಕೊಳ್ಳಲಿ.

ನನ್ನ ಮಗನಿಗೆ ಈಗ ಇಪ್ಪತ್ತೆಂಟು ವರ್ಷ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಮಾಡುತ್ತಾನೆ. ಎರಡು ವಾರಕ್ಕೊಮ್ಮೆ ರಾತ್ರಿಯ ಪಾಳಿ ಬರುತ್ತದೆ. ರಾತ್ರಿಪಾಳಿಯ ಕೆಲಸವು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಹುದೆಂದು ಆ ರೋಗದ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯು 2007ರಲ್ಲಿ ಹೇಳಿ, 2019ರಲ್ಲಿ ಪುನಃ ವಿಚಾರಿಸಿ ಅದನ್ನೇ ಸ್ಥಿರಪಡಿಸಿತು. ಇದನ್ನು ಓದಿದ ರಾತ್ರಿ, ಹತ್ತಕ್ಕೆ ಮಲಗುವ ನನಗೂ ಒಂದು ಗಂಟೆಯ ವರೆಗೆ ನಿದ್ರೆ ಬರಲಿಲ್ಲ. ಪಾಳಿ ಮುಗಿದು ಕೋಣೆಗೆ ಬಂದ ಮೇಲೆ ಅವನು ಒಮ್ಮೊಮ್ಮೆ ಏಳು ಗಂಟೆಗೆ ಫೋನು ಮಾಡುತ್ತಾನೆ. ನಾನು ಆಗಲೇ ಏರಿಯ ವರೆಗೆ ಹೋಗಿ ಬಂದಿರುತ್ತೇನೆ. ಹಿಂದಿನ ಸಂಗತಿಯನ್ನು ಅವನಿಗೆ ಎರಡು ವರ್ಷಗಳ ಹಿಂದೆ ಕ್ರಿಸ್ಮಸಿಗೆ ಬಂದಾಗ ಹೇಳಿ ಕ್ಷಮೆ ಕೇಳಿದೆನು, ಈ ಸಾರಿ ಅವನ ತಾಯಿಯ ಮುಂದೆ. “ಚೊಂಬಿನ ನೀರು ಚಳಿಗಾಲದಲ್ಲಿ ಸುರಿದಿರಿ ಅಪ್ಪಾ, ಅದನ್ನು ಮಾತ್ರ ಮರೆತಿಲ್ಲ” ಎಂದು ನಕ್ಕನು. ಅವನ ಕೋಣೆಯ ಕಿಟಕಿಗೆ ಬೆಳಕು ಬಾರದ ಹಾಗೆ ದಪ್ಪನೆಯ ಕಪ್ಪು ಬಟ್ಟೆಯ ಪರದೆಯನ್ನು ಅವನ ತಾಯಿಯು ಹೊಲಿದು ಕಳುಹಿಸಿದ್ದಾಳೆ. ಪಾಳಿಯ ವಾರಗಳಲ್ಲಿ ಎಂಟರಿಂದ ಮೂರರ ವರೆಗೆ ಮನೆಯವರು ಯಾರೂ ಅವನಿಗೆ ಫೋನು ಮಾಡುವದಿಲ್ಲ.